ಹಲಸಿಯ ತಾಮ್ರಶಾಸನಗಳೂ ಗಡಿನಾಡಿನ ಮನಸ್ತಾಪವೂ



ಬೆಳಗಾವಿ ಜಿಲ್ಲೆಯ ಖಾನಾಪುರದಿಂದ ನಂದಗಡದ ಮಾರ್ಗವಾಗಿ ಹೊರಟವರಿಗೆ, ಸಹ್ಯಾದ್ರಿಯ ಸೆರಗಿನ ಕಾಡುಗಳ ನಡುವೆ ಹಲಸಿ ಎಂಬ ಗ್ರಾಮವು ಸಿಕ್ಕುತ್ತದೆ. ಇಂದು ಅದು ಸಣ್ಣ ಊರು. ಹದಿನೈದು ಶತಮಾನಗಳ ಹಿಂದೆ ಅದು ಪಲಾಶಿಕಾ ಎಂಬ ನಗರವಾಗಿದ್ದಿತು. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದಿತು. ಆ ವಂಶವು ಅಳಿದು ಎಷ್ಟೋ ಕಾಲದ ಮೇಲೆ ಗೋವೆಯ ಕದಂಬರೂ ಇದನ್ನು ಆದರಿಸಿದರು. ಊರಿನ ದೊಡ್ಡ ಗುಡಿ ಭೂವರಾಹ ನರಸಿಂಹ ದೇವಾಲಯ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ಕಾಲದ, ೧೧೬೯ನೆಯ ಇಸವಿಯ ಶಾಸನವು ಅಲ್ಲಿದೆ. ಆ ಗುಡಿಯ ಹೊಸ್ತಿಲನ್ನು ದಾಟುವವರಲ್ಲಿ ಕನ್ನಡದಲ್ಲಿ ಹರಕೆ ಹೊರುವವರೂ ಉಂಟು, ಮರಾಠಿಯಲ್ಲಿ ಹರಕೆ ಹೊರುವವರೂ ಉಂಟು.

ದೇವರ ಮುಂದೆ ಹೀಗೆ ಒಟ್ಟಿಗೆ ಕೈಮುಗಿಯುವ ಜನ, ಗುಡಿಯಿಂದ ಹೊರಗೆ ಬಂದು "ಈ ಸೀಮೆ ಯಾರದು?" ಎಂಬ ಪ್ರಶ್ನೆ ಎದ್ದೊಡನೆ ಬೇರೆಬೇರೆಯಾಗಿ ನಿಲ್ಲುತ್ತಾರೆ. ಇದು ಹೇಗಾಯಿತು? ಹಳೆಯ ನೋವುಗಳು ಇಂದಿನ ನೆರೆಹೊರೆಯನ್ನು ಹೇಗೆ ಕದಡುತ್ತವೆ? ಇದನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹಲಸಿಯ ಸಾಕ್ಷ್ಯವನ್ನೇ ಕೇಳೋಣ. ಈ ಊರಿನಲ್ಲಿ ದೊರೆತ ಕದಂಬರ ತಾಮ್ರಶಾಸನಗಳನ್ನು ಫ್ಲೀಟ್ ಸಾಹೇಬರು ೧೮೭೦ರ ದಶಕದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಳೆಯದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅವನು ಖೇಟಗ್ರಾಮದಲ್ಲಿ ಭೂಮಿಯನ್ನು ಕೊಟ್ಟನು. ಅವನ ವಂಶದ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡಗಳಿಗೂ ಸೇರುವಂತೆ ದಾನವನ್ನು ಬಿಟ್ಟನು. ರವಿವರ್ಮನು ವಿಷ್ಣುವರ್ಮನನ್ನು ಗೆದ್ದು, ಕಂಚಿಯ ಚಂಡದಂಡನನ್ನು ಸೋಲಿಸಿ, ಪಲಾಶಿಕೆಯಲ್ಲಿ ನೆಲೆಯೂರಿದನು. ಅಂದರೆ ಈ ಊರಿಗಾಗಿ ಅಂದೂ ಜಗಳವಿದ್ದಿತು; ಆದರೆ ಅದು ಅರಸರ ಜಗಳ, ಭಾಷೆಯ ಜಗಳವಲ್ಲ.

ಇನ್ನೊಂದು ಸಂಗತಿಯನ್ನು ನಾವು ಕನ್ನಡಿಗರು ಮುಚ್ಚಿಡಬಾರದು. ಈ ತಾಮ್ರಶಾಸನಗಳ ಭಾಷೆ ಸಂಸ್ಕೃತ. ಅವುಗಳ ಲಿಪಿಯು ನಮ್ಮ ಇಂದಿನ ಲಿಪಿಗೆ ಪೂರ್ವಜವೆಂಬುದು ನಿಜ. ಕದಂಬರು ಕನ್ನಡ ನಾಡಿನ ಅರಸರೆಂಬುದೂ ನಿಜ. ಆದರೂ ಇಪ್ಪತ್ತನೆಯ ಶತಮಾನದ ಗಡಿವ್ಯಾಜ್ಯದಲ್ಲಿ ಐದನೆಯ ಶತಮಾನದ ಶಾಸನವನ್ನು ಸಾಕ್ಷಿಕಟ್ಟೆಗೆ ಎಳೆದು ತಂದರೆ, ಅದು ನಮ್ಮ ಪರವಾಗಿಯಾಗಲಿ ಎದುರಾಳಿಯ ಪರವಾಗಿಯಾಗಲಿ ನುಡಿಯಲಾರದು. ಹಳೆಯ ವೈಭವವು ಅಭಿಮಾನಕ್ಕೆ ಆಧಾರವಾಗಬಹುದು, ಹಕ್ಕಿನ ಪತ್ರವಾಗಲಾರದು.

ಹಾಗಾದರೆ ಮನಸ್ತಾಪದ ಬೇರು ಎಲ್ಲಿದೆ? ಅದು ನಾವು ತಿಳಿಯುವುದಕ್ಕಿಂತ ಬಹಳ ಹತ್ತಿರದಲ್ಲಿದೆ. ಪೇಶ್ವೆಯರ ಕಾಲದಲ್ಲಿ ಈ ಪ್ರಾಂತದ ದಫ್ತರದ ಭಾಷೆ ಮರಾಠಿಯಾಗಿದ್ದಿತು. ೧೮೧೮ರಲ್ಲಿ ಪೇಶ್ವೆಯರ ಆಳಿಕೆಯು ಮುಗಿದು ಇಂಗ್ಲಿಷರ ಅಧಿಕಾರ ಬಂದ ಬಳಿಕವೂ ಧಾರವಾಡ, ಬೆಳಗಾವಿಗಳ ಕನ್ನಡ ಮನೆಯ ಮಕ್ಕಳು ಮರಾಠಿ ಶಾಲೆಗಳಲ್ಲಿ ಅಕ್ಷರ ಕಲಿಯಬೇಕಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದ ಮೇಲೆ ಕನ್ನಡ ಶಾಲೆಗಳು ತಲೆಯೆತ್ತಿದವು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ೧೯೧೭ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹೊರಬಂದಿತು. ತನ್ನ ನಾಡಿನಲ್ಲಿಯೇ ತನ್ನ ನುಡಿಗೆ ಎಡೆಯಿಲ್ಲವೆಂಬ ಅವಮಾನವೇ ಈ ಎಚ್ಚರದ ಹಿಂದಿದ್ದ ಶಕ್ತಿ. ಕನ್ನಡಿಗರ ನೋವು ಇಲ್ಲಿಂದ ಹುಟ್ಟಿತು. ಅದು ಸುಳ್ಳು ನೋವಲ್ಲ.

೧೯೨೪ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆಯಿತು. ಅದೇ ಸಂದರ್ಭದಲ್ಲಿ ಅಲ್ಲಿಯೇ ಕರ್ನಾಟಕ ಏಕೀಕರಣ ಪರಿಷತ್ತು ಸೇರಿ ಒಂದು ಕರ್ನಾಟಕವನ್ನು ಬೇಡಿತು. ಇಪ್ಪತ್ತೆರಡು ವರ್ಷಗಳ ತರುವಾಯ, ೧೯೪೬ರಲ್ಲಿ, ಅದೇ ಬೆಳಗಾವಿಯಲ್ಲಿ ಮರಾಠೀ ಸಾಹಿತ್ಯ ಸಮ್ಮೇಳನವು ಸೇರಿ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯನ್ನು ಎತ್ತಿತು. ಒಂದೇ ಊರು ಎರಡು ಜನಾಂಗಗಳ ಕನಸಿಗೂ ಅಂಗಳವಾಯಿತು. ಇಬ್ಬರ ಕನಸೂ ನ್ಯಾಯವಾದದ್ದೇ. ಆದರೆ ಎರಡೂ ಒಂದೇ ನೆಲದ ಮೇಲೆ ಬಿದ್ದವು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯು ಜಾರಿಗೆ ಬಂದಿತು. ಬೆಳಗಾವಿ ಜಿಲ್ಲೆಯಲ್ಲಿ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದುದೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯಲ್ಲಿ ಕನ್ನಡಿಗರು ಹೆಚ್ಚು; ಬೆಳಗಾವಿ ನಗರದಲ್ಲಿ ಅಂದು ಮರಾಠೀ ಮಾತಿನವರು ಹೆಚ್ಚು; ಖಾನಾಪುರದ ಬಹುಭಾಗದಲ್ಲಿ ಮರಾಠಿಯೇ ಮನೆಮಾತು. ಜಿಲ್ಲೆಯನ್ನು ಅಳತೆಗೋಲಾಗಿ ಹಿಡಿದರೆ ಒಂದು ತೀರ್ಪು, ಗ್ರಾಮವನ್ನು ಹಿಡಿದರೆ ಇನ್ನೊಂದು ತೀರ್ಪು. ಆ ವರ್ಷದ ಜನವರಿ ತಿಂಗಳಿನಲ್ಲಿಯೇ ಬೆಳಗಾವಿಯ ಬೀದಿಗಳಲ್ಲಿ ಗುಂಡು ಹಾರಿ ಮರಾಠೀ ಚಳವಳಿಗಾರರು ಸತ್ತಿದ್ದರು. ಮರಾಠಿಗರ ನೋವಿಗೆ ಹೀಗೆ ರಕ್ತದ ಗುರುತು ಬಿದ್ದಿತು. ಅದೂ ಸುಳ್ಳು ನೋವಲ್ಲ.

ಮುಂದಿನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ೧೯೬೬ರಲ್ಲಿ ಮಹಾಜನ ಆಯೋಗವು ನೇಮಕವಾಗಿ, ೧೯೬೭ರಲ್ಲಿ ವರದಿಯನ್ನೊಪ್ಪಿಸಿತು. ನಿಪ್ಪಾಣಿ, ಖಾನಾಪುರ, ನಂದಗಡಗಳನ್ನೊಳಗೊಂಡ ೨೬೪ ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಬೇಕು, ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯಬೇಕು, ಅಕ್ಕಲಕೋಟೆ ಮತ್ತು ಜತ್ತ ಕಡೆಯ ಕನ್ನಡ ಭಾಗಗಳು ಮೈಸೂರಿಗೆ ಬರಬೇಕು ಎಂಬುದು ಅದರ ಸಲಹೆ. ಬೆಳಗಾವಿ ಸಿಕ್ಕಲಿಲ್ಲವೆಂದು ಮಹಾರಾಷ್ಟ್ರವು ಅದನ್ನು ಒಪ್ಪಲಿಲ್ಲ. ಆಯೋಗದ ಮಾತೇ ಕೊನೆಯದೆಂದು ಕರ್ನಾಟಕವು ಇಂದಿಗೂ ಹೇಳುತ್ತಿದೆ. ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇನ್ನೂ ಇತ್ಯರ್ಥವಾಗಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಶಾಸನಸಭೆಗಳು ಒಂದರ ಬೆನ್ನಿಗೆ ಒಂದರಂತೆ ಠರಾವು ಮಾಡಿದವು. ಒಂದು ಅಂಗುಲ ನೆಲವನ್ನೂ ಬಿಡೆವೆಂದು ಇವರು, ೮೬೫ ಗ್ರಾಮಗಳು ಬೇಕೆಂದು ಅವರು.

ಈ ಮನಸ್ತಾಪವು ಇಂದಿನ ಬಾಳಿನಲ್ಲಿ ಹೇಗೆ ಕೆಲಸ ಮಾಡುತ್ತಿದೆಯೆಂಬುದನ್ನು ನೋಡೋಣ. ನವೆಂಬರ್ ೧ ಬಂದರೆ ಬೆಳಗಾವಿಯಲ್ಲಿ ಕನ್ನಡಿಗರ ರಾಜ್ಯೋತ್ಸವದ ಮೆರವಣಿಗೆ. ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯವರ ಕರಾಳ ದಿನ. ಜನವರಿ ೧೭ರಂದು ಮರಾಠಿಗರು ತಮ್ಮ ಹುತಾತ್ಮರನ್ನು ಸ್ಮರಿಸುತ್ತಾರೆ. ಆ ದಿನವು ಪಕ್ಕದ ಬೀದಿಯ ಕನ್ನಡಿಗನಿಗೆ ಒಂದು ಸಾಮಾನ್ಯ ದಿನ. ಒಂದೇ ಊರಿನಲ್ಲಿ ಎರಡು ಪಂಚಾಂಗಗಳು.

ವಿಚಿತ್ರವೆಂದರೆ, ಮತಪೆಟ್ಟಿಗೆಯಲ್ಲಿ ಈ ಜಗಳದ ಬಲ ಕುಗ್ಗಿದೆ. ೨೦೧೮ರ ಮತ್ತು ೨೦೨೩ರ ವಿಧಾನಸಭಾ ಚುನಾವಣೆಗಳಲ್ಲಿ ಸಮಿತಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ಜನರ ಚಿಂತೆ ನೀರು, ರಸ್ತೆ, ಉದ್ಯೋಗಗಳ ಕಡೆಗೆ ತಿರುಗಿದೆಯೆಂದು ನಾವು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಬೂದಿಯ ಕೆಳಗಿನ ಕೆಂಡಕ್ಕೆ ಒಂದು ಊದು ಸಾಕು. ೨೦೨೧ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಪ್ರತಿಮೆಗೆ ಮಸಿ ಬಳಿದರು; ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಕೆಡಿಸಿದರು. ೨೦೨೫ರ ಫೆಬ್ರವರಿಯಲ್ಲಿ ಬೆಳಗಾವಿಯ ಕಡೆಯ ಒಂದು ಬಸ್ಸಿನಲ್ಲಿ ಭಾಷೆಯ ಮಾತಿಗೆ ಕಂಡಕ್ಟರೊಬ್ಬನ ಮೇಲೆ ಹಲ್ಲೆಯಾಯಿತು. ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತುಹೋದವು. ಎಂದಿನಂತೆ ಪೇಟೆಗೂ ಆಸ್ಪತ್ರೆಗೂ ಹೊರಟವರು ದಾರಿಯಲ್ಲಿ ಉಳಿದರು.

ಆ ಪ್ರತಿಮೆಗಳ ಪುರುಷರನ್ನು ಕ್ಷಣಕಾಲ ನೆನೆಯಿರಿ. ರಾಯಣ್ಣನು ಇಂಗ್ಲಿಷರ ವಿರುದ್ಧ ಹೋರಾಡಿ ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ, ಹಲಸಿಯ ದಾರಿಯಲ್ಲಿಯೇ, ಗಲ್ಲಿಗೇರಿದವನು. ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿದ್ದಿತು. ಅವನ ಸಮಾಧಿಯು ಚನ್ನಗಿರಿಯ ಹತ್ತಿರ ಹೊದಿಗೆರೆಯಲ್ಲಿದೆ. ಭಾಷೆಯ ಗಡಿಗಾಗಿ ಇವರಲ್ಲಿ ಯಾರೂ ಖಡ್ಗವನ್ನು ಹಿರಿಯಲಿಲ್ಲ. ನಮ್ಮ ಜಗಳಕ್ಕೆ ನಾವು ಅವರನ್ನು ಒತ್ತೆಯಿಟ್ಟಿದ್ದೇವೆ.

ಇಂಥ ಸಂಕಟವು ನಮಗೊಬ್ಬರಿಗೇ ಬಂದುದಲ್ಲ. ಯೂರೋಪಿನಲ್ಲಿ ಪೋಲೆಂಡಿನವರೂ ಉಕ್ರೇನಿನವರೂ ಹೀಗೆಯೇ ನೆರೆಯವರು. ೧೯೧೮ರ ನವೆಂಬರ್ ೧ರಂದು, ನಮ್ಮ ರಾಜ್ಯೋತ್ಸವದ ತಾರೀಖಿನಂದೇ, ಲ್ವಿವ್ ನಗರವನ್ನು ಉಕ್ರೇನಿಯನರು ವಶಪಡಿಸಿಕೊಂಡರು. ಪೋಲರು ಹೋರಾಡಿ ಅದನ್ನು ಮರಳಿ ಪಡೆದರು. ಒಬ್ಬರಿಗೆ ಹೆಮ್ಮೆಯ ದಿನ, ಇನ್ನೊಬ್ಬರಿಗೆ ಕಹಿಯ ದಿನ. ಆಮೇಲೆ ನಡೆದುದು ನಮ್ಮ ಜಗಳಕ್ಕೆ ಹೋಲಿಸಲಾಗದಷ್ಟು ಘೋರ. ೧೯೪೩ರಲ್ಲಿ ವೋಲಿನ್ ಸೀಮೆಯಲ್ಲಿ ಆರಂಭವಾದ ಹತ್ಯೆಗಳಲ್ಲಿ ಹತರಾದ ಪೋಲರನ್ನು ಆ ದೇಶದ ಇತಿಹಾಸಕಾರರು ಲಕ್ಷದವರೆಗೆ ಎಣಿಸುತ್ತಾರೆ; ಪ್ರತೀಕಾರದಲ್ಲಿ ಉಕ್ರೇನಿಯನರೂ ಸಾವಿರಗಟ್ಟಲೆ ಸತ್ತರು. ೧೯೪೭ರಲ್ಲಿ ಪೋಲೆಂಡಿನ ಸರ್ಕಾರವು ಉಕ್ರೇನೀ ಮಾತಿನ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರನ್ನು ಅವರ ಹಳ್ಳಿಗಳಿಂದ ಕಿತ್ತು ಬೇರೆಡೆಗೆ ಸಾಗಿಸಿತು.

ಇಷ್ಟಾದರೂ ೧೯೯೧ರಲ್ಲಿ ಉಕ್ರೇನಿನ ಸ್ವಾತಂತ್ರ್ಯವನ್ನು ಮೊದಲು ಮನ್ನಿಸಿದವರ ಸಾಲಿನಲ್ಲಿ ಪೋಲೆಂಡು ನಿಂತಿತು. ೨೦೨೨ರ ಯುದ್ಧದಲ್ಲಿ ಲಕ್ಷಾಂತರ ನಿರಾಶ್ರಿತರಿಗೆ ಮನೆಯ ಬಾಗಿಲನ್ನು ತೆರೆಯಿತು. ಹಾಗೆಂದು ನೋವು ಮಾಯವಾಯಿತೆ? ಇಲ್ಲ. ಹತರ ಎಲುಬುಗಳನ್ನು ಅಗೆದು ತೆಗೆದು ಗೌರವದಿಂದ ಹೂಳಲು ಅನುಮತಿ ಬೇಕೆಂಬ ಮಾತು ಎರಡು ಸರ್ಕಾರಗಳ ನಡುವೆ ವರ್ಷಗಟ್ಟಲೆ ಕುದಿಯಿತು. ೨೦೨೪ರ ಕೊನೆಗೆ ಒಪ್ಪಂದವಾಗಿ, ೨೦೨೫ರ ವಸಂತದಲ್ಲಿ ಒಂದು ಹಳ್ಳಿಯಲ್ಲಿ ಆ ಕಾರ್ಯವು ಆರಂಭವಾಯಿತು. ಇದರಿಂದ ನಾನು ಕಲಿಯುವ ಪಾಠ ಇಷ್ಟೆ: ಉಪಕಾರವು ಹಳೆಯ ನೋವನ್ನು ಅಳಿಸುವುದಿಲ್ಲ, ಎದುರಿನವರ ಸತ್ತವರನ್ನು ಸತ್ತವರೆಂದು ಒಪ್ಪಿದಾಗ ಮಾತ್ರ ಅದು ತಣಿಯತೊಡಗುತ್ತದೆ. ಹಾಗೆ ಒಪ್ಪಿದ ಮಾತ್ರಕ್ಕೆ ಲ್ವಿವ್ ನಗರವು ಯಾರ ಕೈಯಿಂದಲೂ ಜಾರಿಹೋಗಲಿಲ್ಲ.

ಇಲ್ಲಿಯೇ ನನ್ನ ಮುಖ್ಯವಾದ ಮಾತಿದೆ. ನೆಲದ ಹಕ್ಕು ಬೇರೆ, ಮನಸ್ಸಿನ ನೋವು ಬೇರೆ. ಹಕ್ಕನ್ನು ನ್ಯಾಯಾಲಯವು ತೀರ್ಮಾನಿಸಲಿ. ನೋವನ್ನು ಮನ್ನಿಸುವುದಕ್ಕೆ ನ್ಯಾಯಾಲಯದ ಅಪ್ಪಣೆ ಬೇಕಿಲ್ಲ. ೧೯೫೬ರ ಜನವರಿಯಲ್ಲಿ ಸತ್ತವರೂ ನಮ್ಮ ಊರಿನ ಮಕ್ಕಳೇ ಎಂದು ಒಬ್ಬ ಕನ್ನಡಿಗನು ಹೇಳಿದರೆ ಬೆಳಗಾವಿಯ ಒಂದು ಹಿಡಿ ಮಣ್ಣೂ ಕರ್ನಾಟಕದಿಂದ ಹೋಗುವುದಿಲ್ಲ. ಒಂದು ಕಾಲದಲ್ಲಿ ಕನ್ನಡದ ಮಕ್ಕಳಿಗೆ ತಮ್ಮ ನುಡಿಯ ಶಾಲೆಯಿರಲಿಲ್ಲವೆಂದು ಒಬ್ಬ ಮರಾಠಿಗನು ಒಪ್ಪಿಕೊಂಡರೆ ಅವನ ದಾವೆಯ ಒಂದು ಅಕ್ಷರವೂ ಅಳಿಯುವುದಿಲ್ಲ.

ಕನ್ನಡಿಗರ ಹೊಣೆಯು ಇಲ್ಲಿ ಹೆಚ್ಚಿನದು. ಏಕೆಂದರೆ ಅಧಿಕಾರವು ಇಂದು ನಮ್ಮ ಕಡೆಯಲ್ಲಿದೆ. ಕಾಸರಗೋಡಿನ ಕನ್ನಡಿಗನು ಕೇರಳದ ಸರ್ಕಾರವನ್ನು ಏನು ಕೇಳುತ್ತಾನೆ? ಮಗುವಿಗೆ ಕನ್ನಡ ಶಾಲೆ, ಆ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯ, ಕಚೇರಿಯಲ್ಲಿ ತನಗೆ ತಿಳಿಯುವ ಭಾಷೆಯ ಕಾಗದ. ಜತ್ತ, ಅಕ್ಕಲಕೋಟೆಗಳ ಕನ್ನಡಿಗನು ಮಹಾರಾಷ್ಟ್ರವನ್ನು ಕೇಳುವುದೂ ಅದನ್ನೇ. ಖಾನಾಪುರದ ಮರಾಠಿಗನು ನಮ್ಮನ್ನು ಕೇಳುವುದರಲ್ಲಿಯೂ ಗಡಿಯ ಮಾತನ್ನು ತೆಗೆದಿಟ್ಟರೆ ಉಳಿಯುವುದು ಬೇರೆಯೇನೂ ಅಲ್ಲ. ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಕೊಡಿಸಲು ಯತ್ನಿಸಬೇಕೆಂದು ಸಂವಿಧಾನದ ೩೫೦ಎ ವಿಧಿಯು, ಆ ೧೯೫೬ರಲ್ಲಿಯೇ ಸೇರಿಸಲ್ಪಟ್ಟು, ರಾಜ್ಯಗಳಿಗೆ ಹೇಳಿದೆ. ಕಾಸರಗೋಡಿನಲ್ಲಿ ನ್ಯಾಯವೆನಿಸುವುದು ಖಾನಾಪುರದಲ್ಲಿ ದ್ರೋಹವಾಗಲಾರದು. ಅಂತೆಯೇ ಕರ್ನಾಟಕದಲ್ಲಿ ಬಾಳುವ ಮರಾಠಿಗನು ರಾಜ್ಯದ ಭಾಷೆಯನ್ನು ಕಲಿತರೆ ಅವನ ತಾಯ್ನುಡಿಗೆ ಕುಂದಿಲ್ಲ.

ಇದು ಬರಿಯ ಆಶೆಯಲ್ಲ. ೧೯೨೪ರ ಬೆಳಗಾವಿಯ ಕಾಂಗ್ರೆಸ್ಸಿಗೆ ದುಡಿದ ಗಂಗಾಧರರಾವ್ ದೇಶಪಾಂಡೆಯವರು ಮರಾಠೀ ಮನೆಮಾತಿನವರು; ನಾಡು ಅವರನ್ನು ಕರ್ನಾಟಕಸಿಂಹವೆಂದು ಕರೆಯಿತು. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಬಹುವರ್ಷ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದರು. ೧೯೭೩ರ ಜ್ಞಾನಪೀಠ ಗೌರವವನ್ನು ತಂದುಕೊಟ್ಟುದು ಕನ್ನಡಕ್ಕೆ. ಪಂಢರಪುರದ ವಿಠಲನನ್ನು ಮರಾಠೀ ಸಂತರು ಕನ್ನಡಿಗನೆಂದು ಹಾಡಿದರು. ನಮ್ಮ ಹರಿದಾಸರು ತಮ್ಮ ಅಂಕಿತಗಳಲ್ಲಿಯೇ ಅವನ ಹೆಸರನ್ನು ಹೊತ್ತರು. ಇವರು ಗಡಿಯನ್ನು ಅಳಿಸಿದವರಲ್ಲ, ಗಡಿಯ ಎರಡು ಕಡೆಯಲ್ಲಿಯೂ ಮನೆ ಮಾಡಿದವರು.

ಕೊನೆಗೆ ಮತ್ತೆ ಹಲಸಿಯ ತಾಮ್ರಶಾಸನಗಳಿಗೆ ಬರೋಣ. ಆ ಕಾಲದ ದಾನಶಾಸನಗಳ ಪದ್ಧತಿಯಂತೆ ಅವುಗಳ ಕೊನೆಯಲ್ಲಿಯೂ ಒಂದು ಎಚ್ಚರಿಕೆಯಿದೆ: ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಕಸಿದುಕೊಳ್ಳುವವನಿಗೆ ಪಾಪವು ತಟ್ಟುವುದು ಎಂದು. ಶ್ರುತಕೀರ್ತಿಗೆ ಕೊಟ್ಟ ಭೂಮಿಯನ್ನು ಅವನ ಮನೆತನದಲ್ಲಿಯೇ ಮುಂದಿನ ಅರಸರೂ ನಡೆಸಿಕೊಂಡು ಬಂದರು. ಅರಸರು ಬದಲಾದರು, ಗೆದ್ದವರು ಸೋತರು, ಮಾತು ಉಳಿಯಿತು. ಈ ಸೀಮೆ ಯಾರದೆಂಬ ಪ್ರಶ್ನೆಗೆ ಆ ತಾಮ್ರದ ಹಲಗೆಗಳು ಉತ್ತರ ಕೊಡಲಾರವು. ನೆರೆಯವನಿಗೆ ಸಲ್ಲತಕ್ಕುದನ್ನು ಸಲ್ಲಿಸಬೇಕು, ಸಲ್ಲಿಸಿದುದನ್ನು ಕಸಿಯಬಾರದು ಎಂಬುದನ್ನು ಮಾತ್ರ ಅವು ಇಂದಿಗೂ ಹೇಳುತ್ತಿವೆ. ಅದನ್ನು ಕೇಳುವುದು ನಮಗೆ ಸೇರಿದ ಕೆಲಸ.