ಕೊರಳಿನ ಕಾರ್ಡಿಗೂ ಒಂದು ಚರಿತ್ರೆ

ದಿಲ್ಲಿಯಲ್ಲಿ ಮನೆ ಮಾಡಿದ ಕನ್ನಡಿಗ ಒಂದಲ್ಲ ಒಂದು ದಿನ ಗೈಡ್ ಆಗಲೇಬೇಕು. ಊರಿನಿಂದ ಚಿಕ್ಕಪ್ಪ, ಚಿಕ್ಕಮ್ಮ, ಅವರ ಬೀಗರು ಕಾಶಿಯಾತ್ರೆ ಮುಗಿಸಿಕೊಂಡು ಬಂದು ಇಳಿದರೆಂದರೆ ಮರುದಿನವೇ ಕೆಂಪುಕೋಟೆ, ಕುತುಬ್ ಮಿನಾರ್, ಸಂಜೆಗೆ ಇಂಡಿಯಾ ಗೇಟ್. ಈ ಕೆಲಸವನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಸಂಬಳ ಅಂದರೆ ಒಂದು ಡಬ್ಬಿ ಚಕ್ಕುಲಿ, ಒಂದು ಸೀಸೆ ಮಾವಿನಮಿಡಿ ಉಪ್ಪಿನಕಾಯಿ. ನಮ್ಮ ಪಕ್ಕದಲ್ಲೇ ಕೊರಳಿಗೆ ಕಾರ್ಡು ತೂಗುಹಾಕಿಕೊಂಡ ಗೈಡ್‌ಗಳು ಫ್ರೆಂಚಿನಲ್ಲೋ ಜಪಾನಿಯಲ್ಲೋ ಅದೇ ಕಂಬದ ಕಥೆ ಹೇಳುತ್ತಿರುತ್ತಾರೆ. ಅವರ ಪರಿಚಯವಾದ ಮೇಲೆಯೇ ನನಗೆ ತಿಳಿದದ್ದು, ಆ ಕಾರ್ಡಿನ ಹಿಂದೆ ದೊಡ್ಡ ಹೋರಾಟವೇ ಇದೆ ಎಂದು.

ಊರು ತೋರಿಸುವ ಕಸುಬು ನಮ್ಮಲ್ಲಿ ಹೊಸದೇನೂ ಅಲ್ಲ. ಕಾಶಿ, ಹರಿದ್ವಾರಗಳ ಪಂಡರನ್ನೇ ನೋಡಿ. ಯಾತ್ರಿಕನನ್ನು ಎದುರುಗೊಂಡು, ಇಳಿಯಲು ಜಾಗ ಮಾಡಿಕೊಟ್ಟು, ಘಾಟಿಗೆ ಕರೆದೊಯ್ದು, ಕೊನೆಗೆ ಬಹಿಯಲ್ಲಿ ವಂಶದ ಹೆಸರು ಬರೆಸಿಕೊಳ್ಳುತ್ತಾರೆ. ಯಾವ ಸೀಮೆಯವರು ಯಾವ ಪಂಡರ ಪಾಲು ಅನ್ನುವುದು ಅವರವರಲ್ಲೇ ಗೊತ್ತಾಗಿರುತ್ತದೆ. ಒಂದು ರೀತಿಯಲ್ಲಿ ಅದೂ ಸಂಘವೇ. ಆದರೆ ತಾಜಮಹಲಿನ ಬಾಗಿಲಲ್ಲಿ ನಿಂತವನಿಗೆ ಬಹಿಯೂ ಇರಲಿಲ್ಲ, ಪಾಲೂ ಇರಲಿಲ್ಲ. ಬಂದವರನ್ನು ಯಾರು ಮೊದಲು ಹಿಡಿಯುತ್ತಾರೋ ಅವರೇ ಗೈಡ್.

1945ರಲ್ಲಿ, ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲೇ, ಪ್ರವಾಸೋದ್ಯಮದ ವಿಚಾರ ನೋಡಲು ಸರ್ ಜಾನ್ ಸಾರ್ಜೆಂಟ್ ಅವರ ಸಮಿತಿ ನೇಮಕವಾಯಿತು. ಆ ಸಮಿತಿ ಒಳ್ಳೆಯ ಹೋಟೆಲುಗಳು ಬೇಕು ಎಂದಿತು. ಅದರ ಜೊತೆಗೆ, ಆಗ ಇದ್ದವರಿಗಿಂತ ಬಹಳ ಮೇಲ್ಮಟ್ಟದ ಗೈಡ್‌ಗಳನ್ನು ತರಬೇತು ಮಾಡಬೇಕು ಎಂದೂ ಹೇಳಿತು. ಹೋಟೆಲು, ರೈಲುಗಳ ಸಾಲಿನಲ್ಲಿ ಈ ಬಡ ಕಸುಬಿಗೂ ಒಂದು ಸಾಲು ಸಿಕ್ಕಿತು. 1949ರಲ್ಲಿ ಸಾರಿಗೆ ಸಚಿವಾಲಯದಡಿ ಪ್ರವಾಸಿಗರಿಗಾಗಿ ಒಂದು ಶಾಖೆ ತೆರೆಯಿತು, 1958ರಲ್ಲಿ ಪ್ರತ್ಯೇಕ ಇಲಾಖೆಯೇ ಆಯಿತು. 1959ರ ಪ್ರಾಚೀನ ಸ್ಮಾರಕ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸಂರಕ್ಷಿತ ಸ್ಮಾರಕದೊಳಗೆ ದುಡ್ಡು ತೆಗೆದುಕೊಂಡು ಯಾರಿಗಾದರೂ ಸುತ್ತು ಹಾಕಿ ತೋರಿಸಬೇಕಾದರೆ ಪುರಾತತ್ವ ಅಧಿಕಾರಿಯ ಲೈಸೆನ್ಸ್ ಬೇಕು ಎಂದವು. ನಾನು ಚಕ್ಕುಲಿಗೆ ತೋರಿಸಿದ್ದರಿಂದ ಬಚಾವು!

ಹೀಗೆ ಲೈಸೆನ್ಸ್ ಬಂತು, ಆದರೆ ಬಲ ಬರಲಿಲ್ಲ. ಬಲಕ್ಕೆ ಸಂಘ ಬೇಕಿತ್ತು. ಇದು ಬರೀ ನಮ್ಮ ದೇಶದ ಕಥೆಯಲ್ಲ. ಲಂಡನ್ನಿನಲ್ಲಿ 1951ರ ಬ್ರಿಟನ್ ಉತ್ಸವದ ಸಿದ್ಧತೆ ನಡೆದಿದ್ದಾಗಲೇ, 1950ರಲ್ಲಿ, ಅಲ್ಲಿನ ಗೈಡ್‌ಗಳು ತಮ್ಮ ಗಿಲ್ಡ್ ಕಟ್ಟಿಕೊಂಡರು. 1985ರಲ್ಲಿ ಇಸ್ರೇಲಿನಲ್ಲಿ ನಾನಾ ದೇಶಗಳ ಗೈಡ್‌ಗಳು ಸೇರಿದಾಗ ಜಾಗತಿಕ ಒಕ್ಕೂಟ ಹುಟ್ಟಿತು. 1990ರಿಂದ ಫೆಬ್ರುವರಿ 21 ಅಂತರರಾಷ್ಟ್ರೀಯ ಪ್ರವಾಸಿ ಗೈಡ್ ದಿನ. ಆ ಹೊತ್ತಿಗೆ ಹಲವು ಊರುಗಳಲ್ಲಿ ಗೈಡ್‌ಗಳು ಪುಕ್ಕಟೆಯಾಗಿ ಊರವರಿಗೇ ಊರು ತೋರಿಸುತ್ತಾರೆ. ನಮ್ಮಲ್ಲೂ ಊರೂರಿನ ಸಂಘಗಳ ಮೇಲೆ ಅಖಿಲ ಭಾರತ ಮಟ್ಟದಲ್ಲಿ ಟೂರಿಸ್ಟ್ ಗೈಡ್ಸ್ ಫೆಡರೇಶನ್ ಆಫ್ ಇಂಡಿಯಾ ಬಂತು.

ಸಂಘಕ್ಕೆ ಅಂಥಾ ಕೆಲಸ ಏನ್ರೀ ಇರುತ್ತೆ ಅಂತ ನೀವು ಕೇಳಬಹುದು. ನನಗೆ ಪರಿಚಯದ ಗೈಡ್ ಒಬ್ಬರು ಇದನ್ನು ಬೆರಳು ಮಡಿಸುತ್ತಾ ಲೆಕ್ಕ ಹಾಕಿ ಹೇಳಿದ್ದರು. ಮೊದಲನೆಯದು ಕೂಲಿ. ಅರ್ಧ ದಿನಕ್ಕೆಷ್ಟು, ಪೂರ್ತಿ ದಿನಕ್ಕೆಷ್ಟು, ಗುಂಪಿನಲ್ಲಿ 1ರಿಂದ 5 ಜನರಿದ್ದರೆಷ್ಟು, 6ರಿಂದ 14 ಇದ್ದರೆಷ್ಟು, 15ರಿಂದ 40 ಇದ್ದರೆಷ್ಟು, ವಿದೇಶಿ ಭಾಷೆ ಆಡಿದರೆ ಮೇಲೆಷ್ಟು ಎಂಬ ಪಟ್ಟಿ. ಎರಡನೆಯದು ಲಪ್ಕಾಗಳು. ಆಗ್ರಾದಲ್ಲಿ ಪ್ರವಾಸಿಯನ್ನು ರಸ್ತೆಯಲ್ಲೇ ಮುತ್ತಿಕೊಂಡು ಅಂಗಡಿಗೆ ಎಳೆದೊಯ್ಯುವ ದಲಾಲರಿಗೆ ಆ ಹೆಸರು. ಅವರ ಕಾಟಕ್ಕೆ ಕೆಟ್ಟ ಹೆಸರು ಬರುವುದು ಕಾರ್ಡಿದ್ದವನಿಗೂ ಸೇರಿ. ಮೂರನೆಯದು ಗಡಿ. ಕೇಂದ್ರದ ಲೈಸೆನ್ಸ್ ಪಡೆದವರು ಹಲವು ರಾಜ್ಯ ಸೇರಿದ ಒಂದು ವಲಯದಲ್ಲೆಲ್ಲ ಓಡಾಡಬಹುದು, ರಾಜ್ಯದ ಲೈಸೆನ್ಸಿನವರು ರಾಜ್ಯದೊಳಗೆ. ದಿಲ್ಲಿಯ ಗೈಡ್ ತನ್ನ ಗುಂಪಿನ ಜೊತೆ ಇನ್ನೊಂದು ಊರಿಗೆ ಹೋದರೆ, ನಮ್ಮ ಅನ್ನಕ್ಕೆ ಕೈ ಹಾಕಿದ ಅಂತ ಅಲ್ಲಿನವರಿಗೆ ಸಿಟ್ಟು.

ಇಷ್ಟಾದರೂ ಅವರು ಯಾರ ನೌಕರರೂ ಅಲ್ಲ. ಟ್ರಾವೆಲ್ ಏಜೆನ್ಸಿ ಕರೆದ ದಿನ ಕೂಲಿ, ಕರೆಯದ ದಿನ ಇಲ್ಲ. ಅಕ್ಟೋಬರಿನಿಂದ ಮಾರ್ಚಿನವರೆಗೆ ದುಡಿದದ್ದರಲ್ಲೇ ಉತ್ತರದ ಬಿರುಬೇಸಿಗೆಯನ್ನು ದಾಟಬೇಕು. 2020ರಲ್ಲಿ ಎರಡು ಪೆಟ್ಟು ಒಟ್ಟಿಗೇ ಬಿದ್ದವು. ಆನ್‌ಲೈನಿನಲ್ಲಿ ಕಲಿತು ಪರೀಕ್ಷೆ ಬರೆದವರಿಗೆ 'ಟೂರಿಸ್ಟ್ ಫೆಸಿಲಿಟೇಟರ್' ಎಂಬ ಪ್ರಮಾಣಪತ್ರ ಕೊಡುವ ಯೋಜನೆಯನ್ನು ಕೇಂದ್ರ ತಂದಿತು. ಸಾವಿರಾರು ಯುವಕರಿಗೆ ಕೆಲಸ ಸಿಗುತ್ತದೆ ಎಂಬುದು ಸರ್ಕಾರದ ಮಾತು. ವರ್ಷಗಟ್ಟಲೆ ಕಲ್ಲಿನ ಮುಂದೆ ನಿಂತು ಕಲಿತದ್ದಕ್ಕೆ ಬೆಲೆ ಇಲ್ಲವೇ ಎಂಬುದು ಹಳಬರ ಪ್ರಶ್ನೆ. ವಾದ ಮುಗಿಯುವ ಮೊದಲೇ ಕೊರೋನಾ ಬಂತು. ಆ ಮಾರ್ಚಿನಲ್ಲೇ ಸ್ಮಾರಕಗಳ ಬಾಗಿಲು ಮುಚ್ಚಿತು, ವೀಸಾಗಳು ನಿಂತವು. ವಿದೇಶಿ ಪ್ರವಾಸಿಗಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್, ನವೆಂಬರ್‌ನಲ್ಲಿ.

ಕಾರ್ಡಿನ ನಿಜವಾದ ಬೆಲೆ ಗೊತ್ತಾದದ್ದು ಆಗಲೇ. 2021ರ ಜೂನ್ 28ರಂದು ಹಣಕಾಸು ಸಚಿವರು ಲೈಸೆನ್ಸ್ ಇರುವ ಗೈಡ್‌ಗಳಿಗೆ ಸರ್ಕಾರದ ಖಾತರಿಯ ಮೇಲೆ 1 ಲಕ್ಷ ರೂಪಾಯಿವರೆಗೆ ಸಾಲ ಪ್ರಕಟಿಸಿದರು. ಕೇಂದ್ರದ ಪಟ್ಟಿಯಲ್ಲಿದ್ದ ವಲಯ ಮಟ್ಟದ ಗೈಡ್‌ಗಳು 10,700 ಜನ. ರಾಜ್ಯಗಳು ಒಪ್ಪಿದವರಿಗೂ ಅವಕಾಶವಿತ್ತು. ಸಾಲ ಅಂದರೆ ಸಾಲವೇ, ತೀರಿಸಬೇಕಾದದ್ದು. ಒಂದೂವರೆ ವರ್ಷ ಕೂಲಿ ಕಾಣದವನಿಗೆ ಅದೆಂಥ ಆಸರೆ ಎಂದು ಗೊಣಗಿದವರೂ ಇದ್ದರು. ಆದರೂ ಪಟ್ಟಿಯಲ್ಲಿ ಹೆಸರಿದ್ದವನನ್ನು ಸರ್ಕಾರ ಎಣಿಸಿತು. ಇಲ್ಲದವನನ್ನು ಎಣಿಸಲೂ ಇಲ್ಲ.

ಹೊರನಾಡಿನಲ್ಲಿ ಕೂತು ನಾನು ಯೋಚಿಸುವುದು ಇಷ್ಟು. ಈ ಸಂಘಗಳು, ಈ ದರಪಟ್ಟಿ ಎಲ್ಲ ಬೆಳೆದದ್ದು ಬಹುಮಟ್ಟಿಗೆ ವಿದೇಶಿ ಪ್ರವಾಸಿಯ ಸುತ್ತ. ಜರ್ಮನ್ ಬಲ್ಲವನಿಗೆ ಭಾಷೆಯ ಭತ್ಯೆ ಉಂಟು. ಕರ್ನಾಟಕದಿಂದ ಅಡಿಗೆಯವರ ಸಮೇತ ಬಸ್ಸಿನಲ್ಲಿ ಬರುವ ಯಾತ್ರಿಕರಿಗೆ ಕನ್ನಡದಲ್ಲಿ ಹೇಳುವವನು ಟೂರಿನ ಮ್ಯಾನೇಜರ್, ಇಲ್ಲವೇ ನನ್ನಂಥ ನೆಂಟ. ಹಂಪಿಗೆ ಹೋದವರಿಗೆ ಲೈಸೆನ್ಸ್ ಪಡೆದ ಗೈಡ್ ಕನ್ನಡದಲ್ಲೇ ಸಿಗುತ್ತಾನೆ. ಆದರೆ ಅಲ್ಲೂ ನಮ್ಮವರೇ "ನಮಗ್ಯಾಕೆ ಗೈಡು, ನಮ್ಮೂರೇ ಅಲ್ವಾ" ಅನ್ನುವುದನ್ನು ಕೇಳಿದ್ದೇನೆ. ಹಾಗೆ ಅನ್ನುವವರು ಇರುವ ತನಕ ಆ ಕಸುಬು ವಿದೇಶಿಯರ ಸೀಸನ್ನನ್ನೇ ನಂಬಿರಬೇಕು. ಮುಂದಿನ ಸಲ ಯಾವುದಾದರೂ ಗೋಪುರದ ಮುಂದೆ ನಿಂತಾಗ ಮೊದಲು ಕಾರ್ಡು ನೋಡಿ, ದರ ಕೇಳಿ, ಆಮೇಲೆ ಕಥೆ ಕೇಳಿ. ಚೌಕಾಸಿ ಮಾತ್ರ ಮಾಡಬೇಡಿ.