ಬಲೆಯ ಕಣ್ಣು, ಕಾನೂನಿನ ಕಣ್ಣು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಸಮುದ್ರದ ಮಾತು ಯಾಕೆ ಬೇಕು ಎಂದು ನೀವು ಕೇಳಬಹುದು. ಸಮುದ್ರ ನಮಗೆ ದೂರ, ನಿಜ. ಆದರೆ ಈ ಸೀಮೆಯೂ ಮಂಗಳೂರಿನ ಕಡಲತೀರವೂ ಬಹುಕಾಲ ಒಂದೇ ಮದರಾಸು ಸರಕಾರದ ಕೈಕೆಳಗೆ ಇದ್ದವು. ನಮ್ಮ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡ 1956ರ ನವೆಂಬರ್ 1ರಂದು ಬಂದು ಕೂಡಿತು. ಕಡಲಿನ ಮೊಗವೀರರಿಗೂ ಹೊಳೆಯ ಬೆಸ್ತರಿಗೂ ಮೀನಿನ ಕಾನೂನು ಒಂದೇ ಬೇರಿನಿಂದ ಬಂದದ್ದು. ಆ ಬೇರು ಎಲ್ಲಿಯದು, ಅದು ಹೇಗೆ ಬೆಳೆಯಿತು ಎಂಬುದನ್ನು ತಿಳಿದರೆ ನಮ್ಮ ತುಂಗಭದ್ರೆಯ ಮೀನಿಗೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಮೀನಿಗೆ ಕಟ್ಟಳೆ ಹಾಕುವುದು ಹೊಸದೇನಲ್ಲ. ಅಶೋಕ ಚಕ್ರವರ್ತಿ ತನ್ನ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಉತ್ತರದೇಶದ ಕಂಬಗಳ ಮೇಲೆ ಒಂದು ಆಜ್ಞೆ ಕೊರೆಸಿದ. ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಅದರಲ್ಲಿದೆ. ಅದೇ ಅಶೋಕನ ಬೇರೆ ಶಾಸನಗಳು ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕಿವೆ. ಅವನ ಆಜ್ಞೆಗೆ ಕಾರಣ ದಯೆ. ಮೀನಿನ ಸಂತಾನ ಉಳಿಸುವ ಲೆಕ್ಕ ಅವನಿಗಿರಲಿಲ್ಲ. ಆದರೂ ಒಂದು ಮಾತು ಗಮನಿಸಿರಿ: ಹಿಡಿಯುವವನ ಜೊತೆಗೆ ಮಾರುವವನನ್ನೂ ಅವನು ಕಟ್ಟಿಹಾಕಿದ. ಈ ಮಾತಿಗೆ ಆಮೇಲೆ ಬರೋಣ.

ಸಂತಾನ ಉಳಿಸುವ ಲೆಕ್ಕ ಶುರುವಾದದ್ದು ಇಂಗ್ಲಿಷರ ಕಾಲದಲ್ಲಿ. ಫ್ರಾನ್ಸಿಸ್ ಡೇ ಎಂಬ ಮದರಾಸು ಸೈನ್ಯದ ವೈದ್ಯ ಊರೂರಿನಿಂದ ಸುದ್ದಿ ತರಿಸಿ, ಭಾರತ ಮತ್ತು ಬರ್ಮಾ ದೇಶಗಳ ಸಿಹಿನೀರಿನ ಮೀನಿನ ಮೇಲೆ 1873ರಲ್ಲಿ ದೊಡ್ಡ ವರದಿ ಬರೆದ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೇ ಬಾಚಿಬಿಟ್ಟರೆ ಹೊಳೆ ಬರಿದಾಗುತ್ತದೆ ಎಂಬುದು ಅವನ ಎಚ್ಚರಿಕೆ. ಕಾನೂನು ಬರಲು ಮತ್ತೆ 24 ವರ್ಷ ಹಿಡಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧ ಮಾಡಿತು. ಎರಡು ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿವರೆಗೆ ದಂಡ. ಹೊಳೆಗೆ ಹೇಗೋ, ದಡದಿಂದ ಸುಮಾರು ಮೂರು ಮೈಲಿ ಸಮುದ್ರಕ್ಕೂ ಹಾಗೆಯೇ ಅದು ಅನ್ವಯಿಸುತ್ತಿತ್ತು. ಬಲೆಯ ಕಣ್ಣು ಎಷ್ಟಿರಬೇಕು, ಯಾವ ನೀರಿನಲ್ಲಿ ಎಷ್ಟು ಕಾಲ ಹಿಡಿಯಬಾರದು ಎಂಬ ನಿಯಮಗಳನ್ನು ಆಯಾ ಪ್ರಾಂತದ ಸರಕಾರಕ್ಕೆ ಬಿಟ್ಟಿತು. ಹೀಗೆ ಮೊದಲ ಕಾನೂನು ಹಿಡಿದದ್ದು ಮದ್ದು ಎಸೆಯುವ ಕೈಯನ್ನು.

ಸ್ವಾತಂತ್ರ್ಯ ಬಂದ ಮೇಲೆ ಕಡಲಿನಲ್ಲಿ ಯಂತ್ರದೋಣಿಗಳು ಹೆಚ್ಚಿದವು. ನಮ್ಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಹಿಡಿಯಲು ರಾಂಪಣಿ ಎಂಬ ಭಾರಿ ಬಲೆಯಿತ್ತು. ಊರಿನ ಹತ್ತಾರು ಜನ ಸೇರಿ ದಡದಿಂದ ಎಳೆಯುತ್ತಿದ್ದರು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂತು. ಮೀನಿನ ಹಿಂಡು ದಡ ಮುಟ್ಟುವ ಮೊದಲೇ ದೋಣಿಯವರು ಸುತ್ತಿ ಎತ್ತತೊಡಗಿದರು. ರಾಂಪಣಿಯವರಿಗೂ ಅವರಿಗೂ ಜಗಳ ಹತ್ತಿತು, ಕಡೆಗೆ ರಾಂಪಣಿ ಮೂಲೆ ಸೇರಿತು. ಇಂಥ ಜಗಳ ಕೇರಳ, ಗೋವಾಗಳಲ್ಲೂ ಆದವು. ಕರ್ನಾಟಕ ಸರಕಾರ 1986ರಲ್ಲಿ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಮಾಡಿತು. ದೋಣಿಗೆ ಪರವಾನಗಿ, ಬಲೆಗೆ ನಿಯಮ, ಕಾಲಕ್ಕೆ ನಿಯಮ. ಮಳೆಗಾಲದ ನಿಷೇಧ ಈಗ ಪಶ್ಚಿಮ ಕರಾವಳಿಯ ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಇದು ಎರಡನೆಯ ಹೆಜ್ಜೆ: ಕೈಯ ಜೊತೆಗೆ ಬಲೆಯನ್ನೂ ಋತುವನ್ನೂ ಹಿಡಿದದ್ದು.

ರಾಜ್ಯದ ಅಧಿಕಾರ ದಡದಿಂದ 12 ಸಮುದ್ರಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅದರಾಚೆ 200 ಸಮುದ್ರಮೈಲಿಯವರೆಗೆ ಕೇಂದ್ರದ್ದು. ಪರದೇಶದ ಹಡಗುಗಳು ಕದ್ದು ಹಿಡಿಯುವುದನ್ನು ತಡೆಯಲು 1981ರಲ್ಲಿ ಬೇರೆ ಕಾಯಿದೆ ಬಂತು. ಅಲ್ಲಿ ಕಾವಲು ಕಾಯುವುದು 1978ರ ಕಾಯಿದೆಯಿಂದ ನೆಲೆಗೊಂಡ ಕರಾವಳಿ ರಕ್ಷಣಾ ಪಡೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ತನ್ನ ನೀರಿನಲ್ಲಿ ಎರಡು ದೋಣಿ ಜೋಡಿಸಿ ತಳ ಗೋರುವ ಬುಲ್ ಟ್ರಾಲ್ ಬಲೆಯನ್ನೂ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ ನಿಷೇಧಿಸಿತು.

ಇಷ್ಟಾದರೂ ಕಡಲು ದೊಡ್ಡದು, ಕಾವಲಿನ ಹಡಗು ಕೆಲವೇ. ಹಾಗಾದರೆ ಕಳ್ಳನನ್ನು ಹಿಡಿಯುವುದೆಲ್ಲಿ? ಮೀನು ಕಡೆಗೆ ದಡಕ್ಕೆ ಬರಲೇಬೇಕಲ್ಲ! ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ 2009ರಲ್ಲಿ ಒಂದು ಒಪ್ಪಂದವಾಗಿ, 2016ರ ಜೂನ್ 5ರಿಂದ ಜಾರಿಗೆ ಬಂತು. ಕದ್ದು ಹಿಡಿದ ಹಡಗಿಗೆ ಒಪ್ಪಿದ ದೇಶಗಳು ಬಂದರು ಕೊಡಬಾರದು, ಅದರ ಮೀನು ಇಳಿಸಿಕೊಳ್ಳಬಾರದು. ಇದು ಮೂರನೆಯ ಹೆಜ್ಜೆ: ಪೇಟೆಯ ಬಾಗಿಲನ್ನು ಹಿಡಿದದ್ದು. ಅಶೋಕನ ಆಜ್ಞೆಯ ಮಾತು ಈಗ ನೆನಪಿಸಿಕೊಳ್ಳಿರಿ. ಮಾರಲಾರದ ಮೀನನ್ನು ಯಾರು ಹಿಡಿಯುತ್ತಾರೆ?

ಇನ್ನು ನಮ್ಮ ಸೀಮೆಗೆ ಬರೋಣ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಿಂದ ನೀರು ನಿಂತಿತು. ಅದೇ ವರ್ಷ ತುಂಗಭದ್ರಾ ಮಂಡಳಿಯೂ ಹುಟ್ಟಿತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಈ ನೀರಿನ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹೊಲದಂಚಿನವರೆಗೆ ಬರುತ್ತದೆ. ನೆಲ ಮುಳುಗಿದವರಿಗೆ ಅದೇ ನೀರು ಮೀನಿನ ಹೊಲವಾಯಿತು. ಇಲ್ಲಿಯೂ ಕಡಲಿನ ರೋಗಗಳೇ ಬಂದವು. ಅಲಿವಿ ಎಂಬ ಉದ್ದನೆಯ ಎಳೆಬಲೆ ಸಣ್ಣ ಮೀನಿನ ಜೊತೆಗೆ ಗೆಂಡೆ ಜಾತಿಯ ಮರಿಗಳನ್ನೂ ಬಾಚಿತು. ಹೊಳೆಯಲ್ಲಿ ಸಿಡಿಮದ್ದು ಬಿತ್ತು. ಮದ್ದು ಸಿಡಿದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ಕೆಲವು ತೇಲುತ್ತವೆ, ಎಷ್ಟೋ ತಳಕ್ಕೆ ಇಳಿದು ಯಾರಿಗೂ ಸಿಗದೆ ಕೊಳೆಯುತ್ತವೆ. ಎಸೆದವರು ಕೈ ಕಳೆದುಕೊಳ್ಳುವ ಅಪಾಯ ಬೇರೆ. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಮೀಸಲು ಪ್ರದೇಶ ಮಾಡಿದರು. ಅವುಗಳ ಅನ್ನಕ್ಕೂ ಈ ಮದ್ದೇ ಕಲ್ಲು ಹಾಕುತ್ತಿತ್ತು. ಒಳನಾಡಿನ ನೀರಿಗೆಂದೇ ನಮ್ಮ ರಾಜ್ಯದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯಿದೆ ಇದೆ.

ಕಾನೂನು ಇದೆ, ಸರಿ. ಆದರೆ 378 ಚದರ ಕಿಲೋಮೀಟರ್ ನೀರಿಗೆ ಎಷ್ಟು ಕಾವಲುಗಾರರನ್ನು ಹಾಕಲು ಸಾಧ್ಯ? ಇಲ್ಲಿ ಬಂದರೆಂದರೆ ನಮ್ಮ ಸಂತೆ, ನಮ್ಮ ಅಡಿಗೆಮನೆ. ಹೊಸನೀರು ಬಂದಾಗ ತಾಯಿಮೀನು ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆ ಇಡುತ್ತದೆ. ರೋಹು ಮೀನು ತನ್ನ ಪ್ರತಿ ಕಿಲೋ ತೂಕಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಮೊಟ್ಟೆ ಇಡಬಲ್ಲದು. ಅದನ್ನು ಆಗ ಹಿಡಿದು ತಿನ್ನುವುದೆಂದರೆ ಬಿತ್ತನೆಯ ಜೋಳವನ್ನು ರೊಟ್ಟಿ ಮಾಡಿದ ಹಾಗೆ.

ಆದ್ದರಿಂದ ರೈತ ಬಾಂಧವರೆ, ಮೂರು ಕೆಲಸ ನಮ್ಮ ಕೈಯಲ್ಲಿವೆ. ಊರ ಕೆರೆಯ ಮೀನನ್ನು ಗುತ್ತಿಗೆ ಕೊಡುವಾಗ ಬಲೆಯ ಕಣ್ಣಿನ ಅಳತೆಯನ್ನು ಕರಾರಿನಲ್ಲಿ ಬರೆಸಿರಿ. ಮದ್ದು, ವಿಷ, ಕರೆಂಟು ಹಾಕುವವರ ಸುದ್ದಿಯನ್ನು ಮೀನುಗಾರಿಕೆ ಇಲಾಖೆಗೆ ಮುಟ್ಟಿಸಿರಿ. ಬೆರಳುದ್ದದ ಗೆಂಡೆ ಮರಿ ಸಂತೆಗೆ ಬಂದರೆ ಅಗ್ಗವೆಂದು ಕೊಳ್ಳಬೇಡಿರಿ. ಕೊಳ್ಳುವವರಿಲ್ಲದಿದ್ದರೆ ಆ ಬಲೆ ತಾನಾಗಿಯೇ ಒಣಗುತ್ತದೆ.