ಇಳಕಲ್ಲಿನ ಮೇಲೆ ಹಾಯುವ ಗೆರೆ

ಪಟ್ಟದಕಲ್ಲಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ನಮ್ಮ ದೇಶದ ವಿಮಾನಯಾನದ ಚರಿತ್ರೆಗೆ ಸೇರಿದ ಒಂದು ಗೆರೆ ಅದರಿಂದ ಸುಮಾರು 20 ಕಿ.ಮೀ. ದೂರದಲ್ಲೇ ಹಾದುಹೋಗುತ್ತದೆ. ಭೂಪಟದಲ್ಲಿ ಮುಂಬಯಿಯಿಂದ ಬಳ್ಳಾರಿಗೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದು ಹುನಗುಂದದ ಹತ್ತಿರ ಸಾಗಿ, ಹೆಚ್ಚುಕಡಿಮೆ ಇಳಕಲ್ಲಿನ ನೆತ್ತಿಯ ಮೇಲೇ ಹಾಯುತ್ತದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹೂಗೆ ಅಂಚೆ ತಂದರು. ಅಲ್ಲಿಂದ ಮುಂದೆ ಅದನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ನಡುವೆ ಅವರು ಇಳಿದು ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ.

ಬಳ್ಳಾರಿಯೇ ಏಕೆ? ಲೆಕ್ಕ ಹಾಕಿ ನೋಡೋಣ. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿಯಾದರೋ ಧ್ರುವದತ್ತ ಹೋದಂತೆ ಕಿರಿದಾಗುತ್ತದೆ. ಆದ್ದರಿಂದ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಮುಂಬಯಿಗೂ ಬಳ್ಳಾರಿಗೂ ಅಕ್ಷಾಂಶದ ವ್ಯತ್ಯಾಸ 3.93 ಡಿಗ್ರಿ, ಅಂದರೆ 436 ಕಿ.ಮೀ. ರೇಖಾಂಶದ ವ್ಯತ್ಯಾಸ 4.04 ಡಿಗ್ರಿ, 17 ಡಿಗ್ರಿಯ ಕೊಸೈನ್ 0.956 ಆದುದರಿಂದ ಇದು 429 ಕಿ.ಮೀ. ಪೈಥಾಗೊರಸನ ಪ್ರಮೇಯದಂತೆ ನೇರ ದೂರ ಸುಮಾರು 612 ಕಿ.ಮೀ. ಬಳ್ಳಾರಿಯಿಂದ ಮದರಾಸಿಗೆ ಹೀಗೆಯೇ 428 ಕಿ.ಮೀ. ಒಟ್ಟು 1,040. ಮುಂಬಯಿ–ಮದರಾಸುಗಳ ನೇರ ದೂರವೂ ಸುಮಾರು 1,030 ಕಿ.ಮೀ. ಹತ್ತು ಕಿಲೊಮೀಟರಿನಷ್ಟು ಸುತ್ತಿಗೆ ಒಂದು ತಂಗುದಾಣ! (ಇಷ್ಟು ಕಡಿಮೆ ದೂರಕ್ಕೆ ಭೂಮಿಯನ್ನು ಚಪ್ಪಟೆ ಎಂದೆಣಿಸಿದರೂ ದೊಡ್ಡ ತಪ್ಪಾಗದು. ಲಂಡನ್ನಿನ ದೂರವನ್ನು ಹೀಗೆ ಅಳೆಯಲು ಹೋಗಬೇಡಿ.)

ಇನ್ನು ವೇಳೆಯ ಮಾತು. ಗಂಟೆಗೆ 160 ಕಿ.ಮೀ. ವೇಗವೆಂದು ಹಿಡಿದರೆ 612 ಕಿ.ಮೀ.ಗೆ 3 ಗಂಟೆ 50 ನಿಮಿಷ ಬೇಕು. ಇದು ಗಾಳಿ ನಿಂತಿದ್ದಾಗಿನ ಲೆಕ್ಕ. ಗಂಟೆಗೆ 30 ಕಿ.ಮೀ. ವೇಗದ ಗಾಳಿ ಎದುರಾದರೆ ನೆಲದ ಮೇಲಿನ ವೇಗ 130ಕ್ಕೆ ಇಳಿದು ಪಯಣ 4 ಗಂಟೆ 42 ನಿಮಿಷವಾಗುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ 3 ಗಂಟೆ 13 ನಿಮಿಷ. ಗಂಟೆಗೆ 800 ಕಿ.ಮೀ. ಹೋಗುವ ಜೆಟ್ ವಿಮಾನಕ್ಕೆ ಇದೇ ಎದುರುಗಾಳಿಯಿಂದ ಆಗುವ ತಡ ಎರಡೇ ನಿಮಿಷ. ಹಳೆಯ ಚಾಲಕರಿಗೆ ಭೂಪಟದಷ್ಟೇ ಗಾಳಿಯೂ ಮುಖ್ಯವಾಗಿತ್ತು ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಮಧ್ಯಾಹ್ನ ಮುಂಬಯಿ ಬಿಟ್ಟರೆ ಬಳ್ಳಾರಿಗೆ ಬರುವಾಗ ಸಂಜೆ. ಕತ್ತಲಲ್ಲಿ ಹಾರಲು ದಾರಿ ತೋರುವ ದೀಪಗಳಾಗಲಿ ರೇಡಿಯೊ ಆಗಲಿ ಇಲ್ಲದಿದ್ದಾಗ ತಂಗದೆ ಗತ್ಯಂತರವಿರಲಿಲ್ಲ.

ವಿನ್ಸೆಂಟ್ ಈ ಗೆರೆಯನ್ನೇ ಬಿಡದೆ ಹಿಡಿದಿರಬೇಕೆಂದಿಲ್ಲ. ದಿಕ್ಸೂಚಿಯೊಂದಿಗೆ ನದಿ, ರೈಲುಹಳಿ, ಬೆಟ್ಟಗಳನ್ನು ನೋಡುತ್ತ ಹಾರುವುದು ಆಗಿನ ಪದ್ಧತಿ. ಹುನಗುಂದದ ಸೀಮೆಯಲ್ಲಿ ಅಂಥ ಗುರುತು ಒಂದಿದೆ: ಕೃಷ್ಣೆಯನ್ನು ಮಲಪ್ರಭೆ ಕೂಡುವ ಕೂಡಲಸಂಗಮ. ಅದು ನಮ್ಮ ಗೆರೆಯಿಂದ 20 ಕಿ.ಮೀ.ಗಿಂತ ಕಡಿಮೆ ದೂರದಲ್ಲಿದೆ. ಮೇಲಿನಿಂದ ಎರಡು ನದಿಗಳು ಒಂದಾಗುವುದು ಕಾಣದಿರದು. ಅಲ್ಲಿಂದ ಮುಂದೆ ಇಳಕಲ್ಲು; ಇಳಕಲ್ಲಿನಿಂದ ಬಳ್ಳಾರಿಗೆ ಸುಮಾರು 124 ಕಿ.ಮೀ., ಮುಕ್ಕಾಲು ಗಂಟೆಯ ಹಾದಿ.

ಈಗ ಮುಂಬಯಿ–ಚೆನ್ನೈ ಜೆಟ್ ವಿಮಾನಗಳಿಗೆ ನಡುವೆ ಇಳಿಯುವ ಅಗತ್ಯವಿಲ್ಲ. ಪಯಣ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆ ಎರಡು ನಗರಗಳ ನೇರ ಗೆರೆ ಬಳ್ಳಾರಿಯಿಂದ 50 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ, ಅದರ ಈಶಾನ್ಯಕ್ಕೆ ಹಾದುಹೋಗುತ್ತದೆ.